‘ದಿ ಎಕ್ಸಾರ್ಸಿಸ್ಟ್’ ನೋಡುವ ಬಗೆ

ದೆವ್ವದ ಸಿನಿಮಾ ಎಂದರೆ ಕಣ್ಣಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ನೋಡುವವರೇ ಹೆಚ್ಚು. ‘ದಿ ಎಕ್ಸಾರ್ಸಿಸ್ಟ್’ ಚಿತ್ರವನ್ನು ಹಾಗೆ ನೋಡಿದರೆ ನಷ್ಟ ನಿಮ್ಮದೇ. ವಿಲಿಯಂ ಪೀಟರ್ ಬ್ಲ್ಯಾಟಿ 1971ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ನಿರ್ದೇಶಕ ವಿಲಿಯಂ ಫ್ರೀಡ್ಕಿನ್ 1973ರಲ್ಲಿ ತೆರೆಗೆ ತಂದರು. ಅತ್ಯುತ್ತಮ ಚಿತ್ರದ ಆಸ್ಕರ್‌ಗೆ ನಾಮನಿರ್ದೇಶನ ಪಡೆದ ಮೊದಲ ಹಾರರ್ ಚಿತ್ರ ಇದು. ವಾಷಿಂಗ್ಟನ್ನಿನ ಜಾರ್ಜ್‌ಟೌನ್‌ನಲ್ಲಿ ನಟಿಯೊಬ್ಬಳ ಮಗಳು ರೀಗನ್‌ಗೆ ದೆವ್ವ ಹಿಡಿಯುತ್ತದೆ ಎಂಬುದು ಕಥೆಯ ಹೊರಮೈ. ಒಳಗಿರುವುದು ನಂಬಿಕೆ ಕಳೆದುಕೊಳ್ಳುತ್ತಿರುವ ಪಾದ್ರಿಯೊಬ್ಬನ ಕಥೆ. ಹೊಸಬರು ಹಿಡಿಯಬೇಕಾದ ಎಳೆ ಅದು.

ಪಾದ್ರಿಯನ್ನು ಗಮನಿಸಿ

ಡೇಮಿಯನ್ ಕ್ಯಾರಸ್ ಜೆಸ್ಯೂಟ್ ಪಾದ್ರಿ, ಮನೋವೈದ್ಯನೂ ಹೌದು. ಉಳಿದ ಪಾದ್ರಿಗಳ ಮನಸ್ಸಿನ ಭಾರ ಇಳಿಸುವ ಕೆಲಸ ಅವನದು. ಅವನ ಭಾರ ಇಳಿಸುವವರಿಲ್ಲ. ನ್ಯೂಯಾರ್ಕಿನಲ್ಲಿದ್ದ ಮುದಿ ತಾಯಿ ಒಂಟಿಯಾಗಿ ಸಾಯುತ್ತಾಳೆ, ಆ ಪಾಪಪ್ರಜ್ಞೆ ಅವನನ್ನು ಕೊರೆಯುತ್ತದೆ. ಚಿತ್ರದ ಮೊದಲ ಭಾಗದಲ್ಲಿ ಸುರಂಗ ರೈಲು ನಿಲ್ದಾಣದಲ್ಲಿ ಕುಡುಕ ಭಿಕ್ಷುಕನೊಬ್ಬ, ತಾನೂ ಒಂದು ಕಾಲಕ್ಕೆ ಚರ್ಚಿನಲ್ಲಿ ಪೂಜೆಗೆ ನೆರವಾಗುತ್ತಿದ್ದ ಹುಡುಗ ಎಂದು ಹೇಳಿಕೊಂಡು ಸಹಾಯ ಬೇಡುತ್ತಾನೆ. ಕ್ಯಾರಸ್‌ನ ಮುಖದಲ್ಲಿ ಮೂಡುವುದು ಕರುಣೆಯಲ್ಲ, ಹೇಸಿಗೆ. ಇದನ್ನು ನೆನಪಿಟ್ಟುಕೊಳ್ಳಿ. ರೀಗನ್‌ಳ ಕೋಣೆಗೆ ಅವನು ಕಾಲಿಟ್ಟಾಗ ಅದೇ ಬೇಡಿಕೆ, ಅದೇ ದನಿ, ಹುಡುಗಿಯ ಬಾಯಿಂದ ಬರುತ್ತದೆ.

ಪುರಾವೆಗಳ ಲೆಕ್ಕ ಇಡಿ

ಚಿತ್ರದ ಜಾಣ್ಮೆ ಇರುವುದು ಸಂಶಯವನ್ನು ನಡೆಸುವ ರೀತಿಯಲ್ಲಿ. ಮೊದಲು ಬರುವವರು ವೈದ್ಯರು. ಹುಡುಗಿಯ ಕತ್ತಿಗೆ ಸೂಜಿ ಚುಚ್ಚಿ ಮಾಡುವ ಆಂಜಿಯೋಗ್ರಾಂ ದೃಶ್ಯ ಯಾವ ದೆವ್ವದ ಆಟಕ್ಕಿಂತಲೂ ಕ್ರೂರವಾಗಿದೆ. ದಾರಿ ಕಾಣದೆ ಕೊನೆಗೆ ಭೂತೋಚ್ಚಾಟನೆ ಮಾಡಿಸಿ ನೋಡಿ ಎನ್ನುವವರು ಆ ವೈದ್ಯರೇ. ಬೇಡ, ಡಾಕ್ಟರಿಗೆ ತೋರಿಸಿ ಎನ್ನುವವನು ಪಾದ್ರಿ!

ಆಮೇಲೆ ಕ್ಯಾರಸ್ ಪರೀಕ್ಷೆಗಿಳಿಯುತ್ತಾನೆ. ನಲ್ಲಿಯ ನೀರನ್ನು ತೀರ್ಥವೆಂದು ಹೇಳಿ ಚಿಮುಕಿಸುತ್ತಾನೆ. ಹುಡುಗಿ ಸುಟ್ಟುಹೋದವಳಂತೆ ಹೊರಳಾಡುತ್ತಾಳೆ. ಹಾಗಾದರೆ ಇದು ಬರೀ ಮನೋರೋಗವೇ? ಇಂಥದೇ ಇನ್ನೊಂದು ಪರೀಕ್ಷೆ ಅವಳ ಹಸಿರು ವಾಂತಿಯ ದೃಶ್ಯದಲ್ಲಿದೆ. ಆ ದೃಶ್ಯ ಜಗತ್ಪ್ರಸಿದ್ಧ. ಅದಕ್ಕೆ ಮುಂಚಿನ ಮಾತು ಮಾತ್ರ ಯಾರ ನೆನಪಿನಲ್ಲೂ ಉಳಿಯುವುದಿಲ್ಲ. ನಿನ್ನ ತಾಯಿ ನಮ್ಮ ಜೊತೆಗೇ ಇದ್ದಾಳೆ ಎಂದು ದೆವ್ವ ಚುಚ್ಚುತ್ತದೆ. ಹಾಗಿದ್ದರೆ ಅವಳ ತವರುಮನೆಯ ಹೆಸರು ಹೇಳು ಎಂದು ಕ್ಯಾರಸ್ ಕೇಳುತ್ತಾನೆ. ಉತ್ತರ ಬರುವುದಿಲ್ಲ, ವಾಂತಿ ಬರುತ್ತದೆ. ದೆವ್ವಕ್ಕೆ ಗೊತ್ತಿರಲಿಲ್ಲವೇ, ಅಥವಾ ಗೊತ್ತಿದ್ದೂ ಅವನನ್ನು ಸಂಶಯದಲ್ಲೇ ಬಿಟ್ಟಿತೇ? ಅಸಹ್ಯಪಟ್ಟು ಮುಖ ತಿರುಗಿಸಿದವರಿಗೆ ಈ ಪ್ರಶ್ನೆಯೇ ಏಳುವುದಿಲ್ಲ.

ಕಿವಿಯಿಂದಲೂ ನೋಡಿ

ಚಿತ್ರ ಆರಂಭವಾಗುವುದು ಇರಾಕಿನ ಉತ್ಖನನದಲ್ಲಿ. ಅದು ನಿಧಾನವೆಂದು ಓಡಿಸಬೇಡಿ. ಗುದ್ದಲಿಯ ಸದ್ದು, ಕಮ್ಮಾರನ ಸುತ್ತಿಗೆ, ಕಚ್ಚಾಡುವ ನಾಯಿಗಳು: ಮುಂದಿನ ಭಯಕ್ಕೆ ಕಿವಿ ಹದವಾಗುವುದು ಅಲ್ಲಿ. ಹಿನ್ನೆಲೆ ಸಂಗೀತ ತೀರಾ ಕಡಿಮೆ. ಎಲ್ಲಿ ಹೆದರಬೇಕೆಂದು ಅದು ನಿಮಗೆ ಹೇಳಿಕೊಡುವುದಿಲ್ಲ. ದೆವ್ವದ ದನಿ ರೀಗನ್ ಪಾತ್ರ ಮಾಡಿದ ಬಾಲನಟಿ ಲಿಂಡಾ ಬ್ಲೇರ್‌ದಲ್ಲ, ಹಿರಿಯ ನಟಿ ಮರ್ಸಿಡಿಸ್ ಮೆಕ್‌ಕೇಂಬ್ರಿಡ್ಜ್ ಅವರದು. ಚಿತ್ರಕ್ಕೆ ಬಂದ ಎರಡು ಆಸ್ಕರ್‌ಗಳಲ್ಲಿ ಒಂದು ಧ್ವನಿಗೆ, ಇನ್ನೊಂದು ಬ್ಲ್ಯಾಟಿಯ ಚಿತ್ರಕಥೆಗೆ. ಕಿವಿಯ ಜೊತೆ ಕಣ್ಣಿಗೂ ಕೆಲಸವಿದೆ: ಉಚ್ಚಾಟನೆಯ ವೇಳೆ ಹುಡುಗಿಯ ಕೋಣೆಯಲ್ಲಿ ಪಾದ್ರಿಗಳ ಬಾಯಿಂದ ಹೊರಡುವ ಹಬೆ ನಿಜವಾದ ಉಸಿರು. ಆ ಸೆಟ್ಟನ್ನೇ ಯಂತ್ರಗಳಿಂದ ಕೊರೆಯುವಷ್ಟು ತಣ್ಣಗಾಗಿಸಿದ್ದರು.

ಕನ್ನಡ ನಾಡಿನವರಿಗೆ ಒಂದು ಮಾತು. ಕರಾವಳಿಯ ಕೋಲದಲ್ಲಿ ದೈವ ಮೈಮೇಲೆ ಬರಲಿ ಎಂದೇ ಜನ ಕಾಯುತ್ತಾರೆ, ಬಂದರೆ ಕೈಮುಗಿದು ನ್ಯಾಯ ಕೇಳುತ್ತಾರೆ. ಆ ಭಾವವನ್ನು ಇಲ್ಲಿಗೆ ತರಬೇಡಿ. ಈ ಕ್ಯಾಥೊಲಿಕ್ ಲೋಕದಲ್ಲಿ ಮೈಹೊಕ್ಕಿದ್ದು ಶತ್ರು, ಅದರೊಡನೆ ಸಂಧಾನವಿಲ್ಲ.

ಯಾವ ಆವೃತ್ತಿ ಎಂದು ಕೇಳಿದರೆ, ಮೊದಲು 1973ರದು. ಆಮೇಲೆ 2000ದ ಆವೃತ್ತಿ ನೋಡಿ. ಉಚ್ಚಾಟನೆಯ ನಡುವೆ ದಣಿದ ಇಬ್ಬರು ಪಾದ್ರಿಗಳು ಮೆಟ್ಟಿಲ ಮೇಲೆ ಕೂರುತ್ತಾರೆ. ಈ ಹುಡುಗಿಯೇ ಏಕೆ ಎಂಬ ಪ್ರಶ್ನೆಗೆ ಹಿರಿಯ ಪಾದ್ರಿ ಮೆರಿನ್ ಕೊಡುವ ಉತ್ತರ ಈ ಆವೃತ್ತಿಯಲ್ಲಿದೆ: ದೆವ್ವದ ಗುರಿ ಹುಡುಗಿಯಲ್ಲ, ಅವಳನ್ನು ನೋಡುತ್ತ ನಿಂತವರು, ಮನುಷ್ಯ ದೇವರ ಪ್ರೀತಿಗೆ ಅರ್ಹನಲ್ಲವೆಂದು ಅವರು ನಂಬಿಬಿಡಬೇಕು. ನನ್ನ ಮಟ್ಟಿಗೆ ಇಡೀ ಚಿತ್ರದ ಬೀಗದಕೈ ಇದು. ಕ್ಯಾರಸ್ ಕೊನೆಗೆ ಏನು ಮಾಡುತ್ತಾನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅವನು ಹಾಗೇಕೆ ಮಾಡಿದ ಎಂದು ತಿಳಿಯಲು ಚಿತ್ರವನ್ನು ಇನ್ನೊಮ್ಮೆ ನೋಡಿ, ಈ ಸಲ ಅವನ ಮುಖವನ್ನಷ್ಟೇ ನೋಡಿ.