ಪಕ್ಕ ಕೊಟ್ಟು ಕೂತ್ಕೊ

ಮುಧೋಳ ನಾಯಿಮರಿಗಳ ಊಟೋಪಚಾರದ ಬಗ್ಗೆ ಈ ವಾರ ಬರೆಯುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕಿರಲಿ. ಪಶು ಆಸ್ಪತ್ರೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗನೊಬ್ಬ ಕಾಗದ ಬರೆದಿದ್ದಾನೆ: 'ಸರ್, ದನಕರು ಎಂದರೆ ನನಗೆ ಜೀವ. ನಾಯಿ ಕಂಡರೆ ಮಾತ್ರ ಆಗುವುದಿಲ್ಲ. ಸೆಪ್ಟೆಂಬರ್ 28ಕ್ಕೆ ರೇಬೀಸ್ ದಿನದ ಲಸಿಕೆ ಶಿಬಿರ. ನಾಯಿ ಹಿಡಿದುಕೊಳ್ಳುವವನು ನಾನೇ. ಏನು ಮಾಡಲಿ?' ಇದನ್ನು ಓದಿದ ಮೇಲೆ ಬೇರೆ ವಿಷಯಕ್ಕೆ ಕೈ ಹಾಕಲು ಮನಸ್ಸು ಬರಲಿಲ್ಲ. ಆ ಜಾಗದಲ್ಲಿ ನಾನೂ ನಿಂತಿದ್ದವನು.

ಒಂಬತ್ತನೇ ವಯಸ್ಸಿನಲ್ಲಿ ಬೀದಿನಾಯಿಯೊಂದು ನನ್ನ ಮೀನಖಂಡಕ್ಕೆ ಬಾಯಿ ಹಾಕಿತ್ತು. ಹೊಕ್ಕುಳ ಸುತ್ತ 14 ಸೂಜಿ. ಕುರಿಯ ಮಿದುಳಿನಿಂದ ತಯಾರಾಗುತ್ತಿದ್ದ ಆ ಲಸಿಕೆ ನಮ್ಮ ದೇಶದಲ್ಲಿ ನಿಂತದ್ದು 2004ರ ಕೊನೆಗೆ. ಈಗಿನ ಮಕ್ಕಳಿಗೆ ತೋಳಿಗೆ ನಾಲ್ಕೈದು ಸಲ ಚುಚ್ಚಿದರೆ ಮುಗಿಯಿತು. ದಿನಾ ಬೆಳಿಗ್ಗೆ ಅವ್ವನ ಜೊತೆ ಬಸ್ಸು ಹತ್ತಿ ಹೋಗಿ, ಅಂಗಿ ಮೇಲೆತ್ತಿ ಮಲಗುತ್ತಿದ್ದ ಆ ಎರಡು ವಾರಗಳಲ್ಲಿ ಹುಟ್ಟಿದ್ದು ಹೆದರಿಕೆಯೊಂದೇ ಅಲ್ಲ, ಹೇಸಿಗೆ. ನಾಯಿಯ ಜೊಲ್ಲು, ಮಳೆಯಲ್ಲಿ ನೆನೆದ ಮೈಯ ವಾಸನೆ, ಅದು ತಟ್ಟೆ ನೆಕ್ಕುವ ಸದ್ದು ಯಾವುದೂ ನನಗಾಗುತ್ತಿರಲಿಲ್ಲ. ಪಶು ಇಲಾಖೆಗೆ ಸೇರಿದ್ದೂ ಹಸು ಎಮ್ಮೆಗಳನ್ನು ನಂಬಿಕೊಂಡೇ. ಮೊದಲ ವರ್ಷವೇ ಮದ್ದೂರು ಕಡೆಯ ಹಳ್ಳಿಯೊಂದರಲ್ಲಿ ಶಿಬಿರ ನಡೆದಾಗ ಡಾಕ್ಟರು ಹಗ್ಗವನ್ನೂ ಬ್ಯಾಂಡೇಜು ಬಟ್ಟೆಯನ್ನೂ ನನ್ನ ಕೈಗೆ ಕೊಟ್ಟರು.

ಮೊದಲನೆಯದು ಒಬ್ಬ ಅಜ್ಜಿಯ ಕಂದು ನಾಯಿ. ಎದುರಿಗೇ ನಿಂತೆ, ಮೇಲಿನಿಂದ ಬಗ್ಗಿದೆ, ಅದರ ಕಣ್ಣನ್ನೇ ದಿಟ್ಟಿಸುತ್ತ ಕೈ ಚಾಚಿದೆ. ಅದು ತುಟಿ ಎತ್ತಿ ಗುರ್ರೆಂದಿತು. ಅಜ್ಜಿ ಜಗಲಿಯಿಂದಲೇ ಅಂದಳು: 'ಮೊಕ ಕೊಡಬ್ಯಾಡ ಕಣಪ್ಪ. ಪಕ್ಕ ಕೊಟ್ಟು ಕೂತ್ಕೊ. ಅದೇ ಬತ್ತದೆ.'

ಕೂತೆ. ಮಣ್ಣು ನೋಡುತ್ತ ಕೂತೆ. ಎಷ್ಟೋ ಹೊತ್ತಾದ ಮೇಲೆ ಒದ್ದೆ ಮೂಗೊಂದು ಮಣಿಕಟ್ಟಿಗೆ ತಾಗಿ ಹಿಂದೆ ಸರಿಯಿತು, ಮತ್ತೆ ತಾಗಿತು. ಆ ಕೈಯನ್ನೇ ನಿಧಾನವಾಗಿ ಕೊರಳ ಕೆಳಗೆ ತಂದೆ. ಅದರ ಎದೆ ನನ್ನ ಮುಂಗೈಗೆ ಡಬಡಬ ಹೊಡೆಯುತ್ತಿತ್ತು. ಡಾಕ್ಟರು ಹೆಗಲ ನಡುವಿನ ಸಡಿಲು ಚರ್ಮ ಎತ್ತಿ ಚುಚ್ಚಿದರು. ಅದಕ್ಕೆ ಗೊತ್ತೂ ಆಗಲಿಲ್ಲ.

ಸಂಜೆಯ ಹೊತ್ತಿಗೆ ಎಷ್ಟು ನಾಯಿ ಹಿಡಿದಿದ್ದೆನೋ ಲೆಕ್ಕ ಇಡಲಿಲ್ಲ. ಲೆಕ್ಕ ಇಟ್ಟದ್ದು ಬೇರೆಯದಕ್ಕೆ. ಬಾಲ ಅಲ್ಲಾಡಿತೆಂದರೆ ಸ್ನೇಹ ಎಂದುಕೊಂಡಿದ್ದೆ. ಮೇಲೆದ್ದು ಬಿಗಿಯಾಗಿ ಅಲ್ಲಾಡುವ ಬಾಲವೇ ಬೇರೆ, ಸೊಂಟವನ್ನೂ ಸೇರಿಸಿಕೊಂಡು ಸಡಿಲವಾಗಿ ಆಡುವ ಬಾಲವೇ ಬೇರೆ. ನಿದ್ದೆಯಿಲ್ಲದ ಆಕಳಿಕೆ, ಅನ್ನವಿಲ್ಲದೆ ಮೂತಿ ನೆಕ್ಕಿಕೊಳ್ಳುವುದು, ಮುಖ ಅತ್ತ ತಿರುಗಿಸಿ ಕಣ್ಣಿನ ಬಿಳುಪು ಮಾತ್ರ ಇತ್ತ ತೋರಿಸುವುದು ಇವೆಲ್ಲ 'ನನಗೆ ಕಷ್ಟವಾಗುತ್ತಿದೆ' ಎನ್ನುವ ಮಾತು. ಈ ಮಾತು ತಿಳಿಯತೊಡಗಿದ ಮೇಲೆ ಹೇಸಿಗೆಗೆ ಜಾಗ ಉಳಿಯಲಿಲ್ಲ. ಪ್ರೀತಿ ಬಂದದ್ದು ವರ್ಷಗಳಾದ ಮೇಲೆ. ಮೊದಲು ಬಂದದ್ದು ಕೆಲಸ.

ಇಲ್ಲಿ ನನ್ನ ಹಳೆಯ ಜಗಳವನ್ನು ಎತ್ತಲೇಬೇಕು. 'ಯಜಮಾನ ಯಾರು ಅಂತ ಮೊದಲು ತೋರಿಸು' ಎನ್ನುವ ತರಬೇತುದಾರರ ಮಾತು ಈ ಹುಡುಗನ ಕಿವಿಗೂ ಬೀಳುತ್ತದೆ. ನಾಯಿಯನ್ನು ನೆಲಕ್ಕೆ ಕೆಡವಿ ಅದುಮಿ ಹಿಡಿ, ಕಣ್ಣು ತಗ್ಗಿಸಬೇಡ ಎನ್ನುತ್ತಾರೆ. ಈ ವಿದ್ಯೆಯ ಬೇರು 1947ರಲ್ಲಿ ರುಡಾಲ್ಫ್ ಶೆಂಕೆಲ್ ಬರೆದ, ಸೆರೆಯಲ್ಲಿ ಕೂಡಿಹಾಕಿದ್ದ ತೋಳಗಳ ಅಧ್ಯಯನದಲ್ಲಿದೆ. 1970ರ ತನ್ನ ಪುಸ್ತಕದಿಂದ ಅದನ್ನು ಮನೆಮಾತಾಗಿಸಿದ ಡೇವಿಡ್ ಮೆಕ್, ಕಾಡು ತೋಳಗಳ ಜೊತೆ ಬೇಸಿಗೆಗಳನ್ನು ಕಳೆದು, 1999ರಲ್ಲಿ ತಾನೇ ತಿದ್ದಿದ: ಕಾಡಿನ ಹಿಂಡು ಎಂದರೆ ಅಪ್ಪ, ಅಮ್ಮ, ಮಕ್ಕಳು; ಯಜಮಾನಿಕೆಗೆ ಕಾದಾಡುವ ಗುಂಪಲ್ಲ. ಬರೆದವನೇ ಕೈಬಿಟ್ಟದ್ದನ್ನು ಇವರು ಇನ್ನೂ ದುಡ್ಡಿಗೆ ಮಾರುತ್ತಿದ್ದಾರೆ. ಹೆದರಿದ ನಾಯಿಯನ್ನು ಅದುಮಿದರೆ ಅದು ಕಚ್ಚುತ್ತದೆ. ಆ ಅಜ್ಜಿಗೆ ಇದು ಮೊದಲೇ ಗೊತ್ತಿತ್ತು.

ಆ ದಿನ ಶಿಬಿರ ಮುಗಿಸಿ ಡಾಕ್ಟರು ನನ್ನನ್ನು, ನಾಯಿಯೊಂದರ ನೆನಪಿಗೆ ಶಾಸನದ ಕಲ್ಲು ನಿಲ್ಲಿಸಿದ್ದ ಆತಕೂರಿಗೆ ಕರೆದುಕೊಂಡು ಹೋದರು. ಕಲ್ಲು ಅಲ್ಲಿರಲಿಲ್ಲ, ಕಥೆ ಇತ್ತು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗನಿಗೆ ಬನವಾಸಿ 12000 ನಾಡು ಬಂತು. ಆ ಬೂತುಗ ತನ್ನ ವೀರ ಮಣಲೇರನಿಗೆ, ಮೆಚ್ಚಿದೆ, ಬೇಕಾದ್ದನ್ನು ಕೇಳು ಎಂದ. ಮಣಲೇರ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಆ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಟ್ಟಾಗ ಎರಡೂ ಕಾದಾಡಿ ಒಟ್ಟಿಗೇ ಸತ್ತವು. ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟು, ಪೂಜಿಸದೆ ಉಂಡವನಿಗೆ ಪಾಪ ಎಂದೂ ಬರೆಸಿದರು. ಸುಮಾರು 950ರ ಮಾತು. ಕನ್ನಡದಲ್ಲಿ ನಾನು ಅತಿ ಹೆಚ್ಚು ಸಲ ಓದಿದ ಬರಹ ಇದೇ.

ತಮ್ಮಾ, 28ಕ್ಕೆ ಮೊದಲು ನಿನಗೆ ಮುಂಜಾಗ್ರತಾ ಲಸಿಕೆ ಆಗಿದೆಯೇ ನೋಡಿಕೊ. ಆಗಿರದಿದ್ದರೆ ಡಾಕ್ಟರಿಗೆ ಹೇಳಿ ಹಾಕಿಸಿಕೊಂಡೇ ನಾಯಿ ಮುಟ್ಟು. ಪರಚಿದರೂ ಸರಿ, ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗು. ಮೊದಲ ನಾಯಿಯ ಮುಂದೆ ಪಕ್ಕ ಕೊಟ್ಟು ಕೂತ್ಕೊ. ಬೆಂಗಳೂರಿಗೆ ಬಂದಾಗ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗು. ಕಾಳಿಯ ಕಲ್ಲು ಈಗ ಅಲ್ಲಿದೆ.