ಮೈ ಕಪ್ಪಾದ ದಿನ

ಅಂಗಡಿಯ ಟ್ಯಾಂಕಿನಲ್ಲಿ ಡಾಟ್ನಾಯ್ಡ್ ಎಂಬ ಮೀನಿನ ಮರಿಯನ್ನು ನೋಡಿ ಮನಸೋತವರು ಕಡಿಮೆ. ಮಸಿ ಬಳಿದಂತೆ ಕಪ್ಪಾಗಿ, ತಲೆ ತಗ್ಗಿಸಿ, ನೀರಿಗೆ ಬಿದ್ದ ಕೊಳೆತ ಎಲೆಯ ಹಾಗೆ ಮೂಲೆಯಲ್ಲಿ ನಿಂತಿರುತ್ತದೆ. ಅದೇ ಮೀನು ಮನೆಯ ನೀರಿಗೆ ಒಗ್ಗಿದ ಮೇಲೆ ನೋಡಬೇಕು. ಜೇನುಬಣ್ಣದ ಮೈ, ಬೆನ್ನಿನಿಂದ ಹೊಟ್ಟೆಗೆ ಇಳಿದ ದಪ್ಪ ಕಪ್ಪು ಪಟ್ಟೆ. ಮಂಗಳೂರಿನ ದಸರೆಯ ಹುಲಿವೇಷದವರು ಆಗಷ್ಟೇ ಬಣ್ಣ ಹಚ್ಚಿಸಿಕೊಂಡು ಎದ್ದು ನಿಂತ ಹಾಗೆ.

ನನ್ನಲ್ಲಿರುವುದು ಬೋರ್ನಿಯೊ, ಸುಮಾತ್ರಾ ನದಿಗಳ ಜಾತಿ. ಥಾಯ್ಲೆಂಡ್, ಕಾಂಬೋಡಿಯ ಕಡೆಯ ಅಗಲ ಪಟ್ಟೆಯದು ಇನ್ನೂ ಚೆಂದ. ಆದರೆ ತವರು ನದಿಗಳಲ್ಲೇ ಅದು ಅಳಿವಿನಂಚಿಗೆ ಬಂದಿದೆ, ನಾನಂತೂ ಕೊಳ್ಳಲಾರೆ. ಇದೇ ಕುಲದ ಇನ್ನೊಂದು ಮೀನು ಗಂಗೆಯ ಮುಖಜ ಭೂಮಿಯಲ್ಲಿದೆ. 1822ರ ತನ್ನ ಗಂಗಾ ಮೀನುಗಳ ಪುಸ್ತಕದಲ್ಲಿ ಅದನ್ನು ದಾಖಲಿಸಿದವನು ಫ್ರಾನ್ಸಿಸ್ ಹ್ಯಾಮಿಲ್ಟನ್. ಟಿಪ್ಪು ಮಡಿದ ಮರುವರ್ಷ ಮೈಸೂರು, ಕೆನರಾ ಸೀಮೆಗಳನ್ನು ಸುತ್ತಲು ಹೊರಟಾಗ ಬುಕಾನನ್ ಎಂಬ ಹೆಸರಿದ್ದವನು ಇವನೇ.

ಡಾಟ್ನಾಯ್ಡಿನ ಬಣ್ಣ ಅದರ ಮನಸ್ಸು. ಹೆದರಿದರೆ, ನೀರು ಕೆಟ್ಟರೆ, ಜೊತೆಯ ಮೀನು ಕಾಡಿದರೆ ಹಳದಿಯೆಲ್ಲ ಮುಳುಗಿ ಮೈ ಕಪ್ಪಾಗುತ್ತದೆ. ಒಮ್ಮೆ ಕಾವೇರಿ ನೀರು ಬಾರದ ವಾರ, ಟ್ಯಾಂಕರಿನ ಬೋರ್‌ವೆಲ್ ನೀರನ್ನು ಒಂದೇ ಸಲಕ್ಕೆ ಅರ್ಧ ಟ್ಯಾಂಕ್ ತುಂಬಿಸಿಬಿಟ್ಟೆ. ಸಂಜೆಗೆ ಪಟ್ಟೆಯೇ ಕಾಣಲಿಲ್ಲ. ಬಣ್ಣ ಮರಳಲು ಒಂಬತ್ತು ದಿನ ಹಿಡಿಯಿತು, ಅಷ್ಟೂ ದಿನ ಅದು ಊಟ ಮುಟ್ಟಲಿಲ್ಲ. ಈಗ ವಾರಕ್ಕೆ ಕಾಲುಭಾಗ ಮಾತ್ರ ಬದಲಿಸುತ್ತೇನೆ, ಅದೂ ಹೊಸ ನೀರನ್ನು ಡ್ರಮ್ಮಿನಲ್ಲಿ ಒಂದು ದಿನ ಇಟ್ಟು, ಏರ್ ಪಂಪ್ ಓಡಿಸಿ, ಕ್ಲೋರಿನ್ ಕಳೆದ ಮೇಲೆ. ಬೆಳಕು ಮಂದವಾಗಿರಲಿ, ಒರಗಿ ನಿಲ್ಲಲು ದೊಡ್ಡದೊಂದು ಮರದ ಬೇರು ಇರಲಿ. ಒಮ್ಮೆ ಇಟ್ಟ ಬೇರನ್ನು ಅಂದಕ್ಕೆಂದು ಜರುಗಿಸಬೇಡಿ.

ಮೂರಡಿ ಟ್ಯಾಂಕಿನವರು ಈ ಮೀನಿನ ಆಸೆ ಬಿಡುವುದು ಒಳ್ಳೆಯದು. ನಿಧಾನಕ್ಕೆ ಬೆಳೆದರೂ ಅಡಿಯುದ್ದ ಮೀರುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಟ್ಯಾಂಕ್ ಬೇಕು. ಅಂದರೆ ಸುಮಾರು 680 ಲೀಟರ್, ನೀರೊಂದೇ 680 ಕಿಲೋ. ಮಹಡಿ ಮನೆಯಾದರೆ ಎಂಜಿನಿಯರನ್ನು ಕೇಳಿಯೇ ಇಡಿ. ಕರೆಂಟ್ ಹೋದಾಗ ಓಡಲು ಬ್ಯಾಟರಿ ಏರ್ ಪಂಪ್ ಕೈಗೆ ಸಿಗುವಂತಿರಲಿ.

ಅಗ್ಗದ ಗೋಲ್ಡ್ ಫಿಶ್ ಮರಿಗಳನ್ನು ಮೇವಾಗಿ ಹಾಕುವವರನ್ನು ಕಂಡರೆ ನನಗೆ ಸಂಕಟ. ಅವುಗಳ ಜೊತೆ ರೋಗವೂ ಟ್ಯಾಂಕಿಗೆ ಇಳಿಯುತ್ತದೆ. ನಾನು ಎರೆಹುಳದಿಂದ ಶುರುಮಾಡಿ ಸಿಪ್ಪೆ ಸುಲಿದ ಸೀಗಡಿಗೆ ರೂಢಿ ಮಾಡಿಸಿದೆ. ನನ್ನದು ಅದನ್ನು ಒಪ್ಪಲು ಎರಡು ತಿಂಗಳು ತೆಗೆದುಕೊಂಡಿತು.

ಈಗ ಸಂಜೆ ಏಳಕ್ಕೆ ಗಾಜಿನ ಹತ್ತಿರ ಹೋದರೆ ಬೇರಿನ ಮರೆಯಿಂದ ತಾನಾಗಿ ಹೊರಬರುತ್ತದೆ. ಇಕ್ಕಳದ ತುದಿಯ ಸೀಗಡಿಯನ್ನು ಒಂದು ಗಳಿಗೆ ಅಳೆದು ನೋಡುತ್ತದೆ. ಆಮೇಲೆ ಬಾಯಿ ಕೊಳವೆಯಂತೆ ಮುಂದಕ್ಕೆ ಚಾಚುತ್ತದೆ, ಸೀಗಡಿ ಮಾಯ. ಮೈಮೇಲಿನ ಪಟ್ಟೆಗಳು ಒಂದಿಷ್ಟೂ ಮಸುಕಾಗುವುದಿಲ್ಲ.