ಹಾರಾಟಕ್ಕೇ ಅರ್ಧ ಅಂಕ

ಮಣಿಪಾಲದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಥ್ರಸ್ಟ್‌ಎಂಐಟಿ ತಂಡ ಅಮೆರಿಕದ ಸ್ಪೇಸ್‌ಪೋರ್ಟ್ ಅಮೆರಿಕ ಕಪ್‌ನಲ್ಲಿ ಸ್ಪರ್ಧಿಸಿದ್ದು ಸಣ್ಣ ಮಾತಲ್ಲ. ತಕರಾರು ಇರುವುದು ಆ ಸ್ಪರ್ಧೆಯ ಲೆಕ್ಕದ ಮೇಲೆ. ಒಟ್ಟು 1000 ಅಂಕಗಳಲ್ಲಿ 500 ಹಾರಾಟಕ್ಕೇ ಮೀಸಲಾಗಿದ್ದವು: 10,000 ಅಥವಾ 30,000 ಅಡಿಯ ಗುರಿಗೆ ಎಷ್ಟು ಸಮೀಪ ಹೋಯಿತು, ಪ್ಯಾರಾಚೂಟ್ ಬಿಚ್ಚಿ ನೆಟ್ಟಗೆ ಇಳಿಯಿತೆ? ಕೊಂಡು ತಂದ ಮೋಟಾರಿಗೆ, ಕೈಯಾರೆ ಕಟ್ಟಿದ ದ್ರವ ಇಂಧನದ ಎಂಜಿನ್‌ಗೆ ವಿಭಾಗ ಬೇರೆ ಬೇರೆ, ಅಳತೆಗೋಲು ಮಾತ್ರ ಒಂದೇ ಆಗಿತ್ತು.

ಇದು ನನಗೆ ಸರಿ ಕಾಣುವುದಿಲ್ಲ. ದ್ರವ ಇಂಧನದ ಎಂಜಿನ್‌ನಲ್ಲಿ ಮೈನಸ್ 183 ಡಿಗ್ರಿಯಲ್ಲೇ ಕುದಿಯುವ ಆಮ್ಲಜನಕ ಒಂದು ಟ್ಯಾಂಕಿನಲ್ಲಿ, ಸೀಮೆಎಣ್ಣೆಯೋ ಆಲ್ಕೋಹಾಲೋ ಇನ್ನೊಂದರಲ್ಲಿ. ಎರಡೂ ಇಂಜೆಕ್ಟರಿನ ಸಣ್ಣ ತೂತುಗಳಿಂದ ಚಿಮ್ಮಿ, ಒಂದಕ್ಕೊಂದು ಬಡಿದು, ಹನಿಹನಿಯಾಗಿ ಬೆರೆಯಬೇಕು. ಕೊಪ್ಪಳ ಜಿಲ್ಲೆಯ ಬೇವೂರಿನ ಹೊಲಗಳಲ್ಲಿ ಔಷಧ ಹೊಡೆಯುವವರಿಗೆ ಇದರ ಅರ್ಧ ವಿದ್ಯೆ ಗೊತ್ತು. ನಾಜಲ್‌ನಲ್ಲಿ ಕಸ ಸಿಕ್ಕರೆ ಒಂದು ಕಡೆ ಧಾರೆ, ಇನ್ನೊಂದು ಕಡೆ ಒಣ. ಹೊಲದಲ್ಲಾದರೆ ನಾಲ್ಕು ಗಿಡಕ್ಕೆ ಔಷಧ ತಪ್ಪೀತು. ಇಲ್ಲಿ 3000 ಡಿಗ್ರಿ ಆಸುಪಾಸಿನ ಜ್ವಾಲೆ ಎಂಜಿನ್ನಿನ ಗೋಡೆಯನ್ನೇ ತಿಂದುಹಾಕುತ್ತದೆ. ಅದಕ್ಕೇ ಬೆಂಕಿಗೆ ಮೊದಲು ಬರೀ ನೀರು ಹರಿಸಿ, ಧಾರೆ ಎಲ್ಲಿ ಬೀಳುತ್ತದೆಂದು ನೋಡಿ, ಇಷ್ಟು ಸೆಕೆಂಡಿಗೆ ಇಷ್ಟು ನೀರೆಂದು ತೂಗುತ್ತಾರೆ. ಕಿಡಿ ಒಂದಿಷ್ಟು ತಡವಾದರೂ ಆಪತ್ತು: ಅಷ್ಟರಲ್ಲಿ ಒಳಗೆ ಸೇರಿಕೊಂಡ ಇಂಧನವೆಲ್ಲ ಒಟ್ಟಿಗೇ ಸಿಡಿದು ಎಂಜಿನ್ ಚೂರಾದೀತು. ಓದು ನಡೆಯುವುದೇ ಇಲ್ಲಿ, ನೆಲದ ಮೇಲೆ.

1926ರ ಮಾರ್ಚ್ 16ರಂದು ರಾಬರ್ಟ್ ಗೊಡ್ಡಾರ್ಡ್ ಹಾರಿಸಿದ ಮೊದಲ ದ್ರವ ಇಂಧನದ ರಾಕೆಟ್ ಏರಿದ್ದು 41 ಅಡಿ, ಹಾರಿದ್ದು ಎರಡೂವರೆ ಸೆಕೆಂಡ್. ಈ ಕಪ್‌ನ ತೀರ್ಪುಗಾರರ ಮುಂದೆ ಪಾಪ, ಆತ ನಪಾಸು!

ಉಪಗ್ರಹದ ವಿಷಯದಲ್ಲಿ ನಮ್ಮ ಕಾಲೇಜುಗಳೇನೂ ಹಿಂದೆ ಬಿದ್ದಿಲ್ಲ. 2010ರಲ್ಲಿ ಕರ್ನಾಟಕ, ಆಂಧ್ರದ ಏಳು ಕಾಲೇಜುಗಳು ಸೇರಿ ಕಟ್ಟಿದ ಸ್ಟುಡ್‌ಸ್ಯಾಟ್ ಒಂದು ಕೆಜಿಗೂ ಕಡಿಮೆ ತೂಕದ್ದು. 2016ರಲ್ಲಿ ಪಿಇಎಸ್‌ನ ಪಿಸ್ಯಾಟ್ ಹೋಯಿತು. ಎರಡನ್ನೂ ಹೊತ್ತೊಯ್ದದ್ದು ಇಸ್ರೊದ ಪಿಎಸ್‌ಎಲ್‌ವಿ. ಎಂಜಿನ್ನಿಗೇ ಕೈಹಾಕಿದ್ದನ್ನು ನೋಡಬೇಕೆಂದರೆ ಮದ್ರಾಸ್ ಐಐಟಿಗೆ ಹೋಗಬೇಕು. ಅಲ್ಲಿ ಬೆಳೆದ ಅಗ್ನಿಕುಲ್ 2024ರ ಮೇ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ರಾಕೆಟ್‌ನಲ್ಲಿ ಇದ್ದದ್ದು ತ್ರೀಡಿ ಮುದ್ರಣದಲ್ಲಿ ಒಂದೇ ತುಂಡಾಗಿ ಮಾಡಿದ ಎಂಜಿನ್. ಅದು ಕಂಪನಿ, ವಿದ್ಯಾರ್ಥಿಗಳ ಪ್ರಾಜೆಕ್ಟ್ ಅಲ್ಲ, ನಿಜ. ಆದರೆ ಅದರ ಬೆನ್ನಿಗೆ ಐಐಟಿಯ ದಹನ ಸಂಶೋಧನಾ ಕೇಂದ್ರವಿತ್ತು. ಲ್ಯಾಬ್ ಮೊದಲು, ರಾಕೆಟ್ ಆಮೇಲೆ.

ಇನ್ನು ನಮ್ಮ ಎಂಜಿನಿಯರಿಂಗ್ ಕಾಲೇಜುಗಳತ್ತ ನೋಡಿದರೆ, ಕೊನೆ ವರ್ಷದ ಪ್ರಾಜೆಕ್ಟನ್ನು ದುಡ್ಡು ಕೊಟ್ಟು ತರುವ ಚಾಳಿ ರಾಜ್ಯಕ್ಕೆ ಹೊಸದಲ್ಲ. ಅದಕ್ಕೂ ಮದ್ದು ಈ ನೆಲದ ಮೇಲಿನ ಪರೀಕ್ಷೆಯೇ. ಕೊಪ್ಪಳ ಜಿಲ್ಲೆಯ ಮಕ್ಕಳಿಗೆ ತಳಕಲ್‌ನಲ್ಲಿ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ. ಅಂಥ ಕಡೆ ದ್ರವ ಆಮ್ಲಜನಕ ತರುವ ಮಾತು ಈಗಲೇ ಬೇಡ. ಇಂಜೆಕ್ಟರ್ ಕೊರೆದು ನೀರು ಹರಿಸಲು ಲೇಥು, ಪಂಪು, ಪ್ರೆಶರ್ ಗೇಜು, ತಕ್ಕಡಿ ಇದ್ದರೆ ಸಾಕು. ಪರೀಕ್ಷಕರು ಬಂದು, ಈ ತೂತು ಯಾಕೆ ಇಷ್ಟೇ ಎಂದು ಕೇಳಿ, ಇನ್ನೊಮ್ಮೆ ಪಂಪು ಹಚ್ಚಿಸಿ ನೋಡಲಿ. ಕೊಂಡು ತಂದವರು ಅಲ್ಲೇ ಸಿಕ್ಕಿಬೀಳುತ್ತಾರೆ.